ಆ ಹದಿನೈದು ಅಕ್ಷರ ಯಾರ ಫೋನಿನಲ್ಲಿವೆ?

"ಜಿಎಸ್‌ಟಿ ಮಾಡಿಸಿದ್ದೀರಾ?" ಅಂತ ಕೇಳುತ್ತೇವೆ, ಅಂದರೆ ಜಿಎಸ್‌ಟಿ ನೋಂದಣಿ, ಹದಿನೈದು ಅಕ್ಷರದ ಆ ನಂಬರ್. "ಆಡಿಟ್ರಿಗೆ ಕೊಟ್ಟಿದೀವಿ, ಮಾಡಿಸ್ತಿದಾರೆ" ಅನ್ನುತ್ತಾರೆ. ಅಂಗಡಿಯವರು, ಟಿಫಿನ್ ಸೆಂಟರ್‌ನವರು, ವೆಲ್ಡಿಂಗ್ ಶಾಪಿನವರು, ಮನೆಯಲ್ಲೇ ಉಪ್ಪಿನಕಾಯಿ ಹಾಕಿ ಮಾರುವವರು, ಯಾರ ಬಾಯಲ್ಲೂ ‘ಜಿಎಸ್‌ಟಿ ಮಾಡಿದೆ’ ಅನ್ನುವ ಮಾತು ಬರುವುದಿಲ್ಲ. ಮಾಡಿಸಿದೆ, ತೆಗೆಸಿದೆ, ಹಾಕಿಸಿದೆ. ಬೋರ್‌ವೆಲ್ ಹಾಕಿಸಿದ ಹಾಗೆ, ಮನೆಗೆ ಬಣ್ಣ ಹೊಡೆಸಿದ ಹಾಗೆ. ಮಾತಿನಲ್ಲಿ ತಪ್ಪೇನಿಲ್ಲ. ಆದರೆ ಬಣ್ಣ ಹೊಡೆದವರು ಕೆಲಸ ಮುಗಿಸಿ ಹೋದರೆ ಗೋಡೆ ನಮ್ಮಲ್ಲೇ ಉಳಿಯುತ್ತದೆ. ಜಿಎಸ್‌ಟಿ ‘ಮಾಡಿಸಿದ’ ಎಷ್ಟೋ ಮನೆಗಳಲ್ಲಿ ಉಳಿಯುವುದು ಲ್ಯಾಮಿನೇಟ್ ಮಾಡಿದ ಒಂದು ಹಾಳೆ ಮಾತ್ರ. ಯೂಸರ್ ಐಡಿ ಯಾವುದು, ಪಾಸ್‌ವರ್ಡ್ ಯಾರ ಹತ್ತಿರ ಇದೆ, ಒಟಿಪಿ ಯಾವ ಫೋನಿಗೆ ಹೋಗುತ್ತದೆ ಎಂದು ಕೇಳಿದರೆ ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಸಣ್ಣ ವ್ಯಾಪಾರಿಗಳಿಗೆ ಬರುವ ತೊಂದರೆಗಳಲ್ಲಿ ಬಹುಪಾಲು ಶುರುವಾಗುವುದು ತೆರಿಗೆ ದರದಿಂದಲ್ಲ, ಈ ಒಂದು ಜಾಗದಿಂದ.

ಸ್ಕ್ಯಾನರ್ ಕಿತ್ತ ಆ ಜುಲೈ

2025ರ ಜುಲೈ ತಿಂಗಳು ಬೆಂಗಳೂರಿನಲ್ಲಿ ಓಡಾಡಿದವರಿಗೆ ಆ ದೃಶ್ಯ ನೆನಪಿರುತ್ತದೆ. ಕಾಂಡಿಮೆಂಟ್ಸ್ ಅಂಗಡಿಯ ಗಾಜಿನ ಮೇಲಿದ್ದ ಕ್ಯೂಆರ್ ಸ್ಟಿಕ್ಕರ್ ಕಿತ್ತಿದ್ದಾರೆ, ಅಂಟಿನ ಚೌಕ ಹಾಗೇ ಉಳಿದಿದೆ. ಪಕ್ಕದಲ್ಲಿ ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ದಪ್ಪ ಮಾರ್ಕರ್‌ನಲ್ಲಿ ಬರೆದದ್ದು: ‘ನೋ ಯುಪಿಐ, ಓನ್ಲಿ ಕ್ಯಾಶ್’. ಹಾಲು ತಗೊಂಡ ಹುಡುಗಿ ಫೋನ್ ಹಿಡಿದು ನಿಂತಿದ್ದಾಳೆ. "ಚೇಂಜ್ ಇಲ್ಲ ಅಂಕಲ್." "ನಾಳೆ ಕೊಡಮ್ಮ ಪರವಾಗಿಲ್ಲ, ಸ್ಕ್ಯಾನರ್ ತೆಗ್ದಿದೀವಿ, ನೋಟಿಸ್ ಬರ್ತಿದೆ ಎಲ್ಲಾರ್ಗೂ." ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಲೆಕ್ಕ ತರಿಸಿಕೊಂಡು, ವರ್ಷಕ್ಕೆ 40 ಲಕ್ಷ ದಾಟಿಯೂ ನೋಂದಣಿ ಇಲ್ಲದವರಿಗೆ ನೋಟಿಸ್ ಕಳಿಸಿತ್ತು. ತರಕಾರಿ ಮಾರುವವರಿಗೂ ಹೋಗಿ ಅದೂ ಸುದ್ದಿಯಾಯಿತು.

ಆ ಭಯ ನಿಜವಾದದ್ದೇ, ಆದರೆ ಅದು ಹಿಡಿದ ದಾರಿ ತಪ್ಪು. ಕಾನೂನು ನೋಡುವುದು ಮಾರಾಟದ ಮೊತ್ತವನ್ನು, ದುಡ್ಡು ಬಂದ ದಾರಿಯನ್ನಲ್ಲ. ಸ್ಕ್ಯಾನರ್ ತೆಗೆದರೆ ವಹಿವಾಟು ಕಡಿಮೆಯಾಗುವುದಿಲ್ಲ, ಅದಕ್ಕಿದ್ದ ಪುರಾವೆ ಮಾತ್ರ ಕಡಿಮೆಯಾಗುತ್ತದೆ. ಆ ಪುರಾವೆ ವ್ಯಾಪಾರಿಯ ಪರವಾಗಿಯೂ ನಿಲ್ಲಬಲ್ಲದು. ಯುಪಿಐಗೆ ಬಂದದ್ದೆಲ್ಲ ಮಾರಾಟವಲ್ಲ. ಬಾವನಿಂದ ಬಂದ ಕೈಸಾಲ, ಚೀಟಿ ದುಡ್ಡು, ‘ಐನೂರು ಫೋನ್‌ಪೇ ಮಾಡ್ತೀನಿ, ಕ್ಯಾಶ್ ಕೊಡಿ’ ಅಂದವರ ದುಡ್ಡು, ಇವೆಲ್ಲ ಅದೇ ಖಾತೆಗೆ ಬಿದ್ದಿರುತ್ತವೆ. ದಿನದ ಕೊನೆಗೆ ನೂರು ಪುಟದ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಸಾಕು: ಕ್ಯಾಶ್ ಮಾರಾಟ, ಯುಪಿಐ ಮಾರಾಟ, ಯುಪಿಐಗೆ ಬಂದ ಬೇರೆ ದುಡ್ಡು. ನಾಲ್ಕು ವರ್ಷ ಬಿಟ್ಟು ನೋಟಿಸ್ ಬಂದಾಗ ಮೂರನೆಯ ಕಾಲಂ ಇಲ್ಲದವರು ತಮ್ಮದಲ್ಲದ ಮಾರಾಟಕ್ಕೂ ಉತ್ತರ ಹುಡುಕಬೇಕಾಯಿತು.

ನಿಮಗೆ ಬೇಕೋ ಬೇಡವೋ

ನೋಂದಣಿ ಬೇಕೋ ಬೇಡವೋ ಅನ್ನುವ ತೀರ್ಮಾನವನ್ನು ಬೇರೆಯವರಿಗೆ ಬಿಡಬಾರದು, ಯಾಕೆಂದರೆ ನಿಮ್ಮ ಗಲ್ಲಾಪೆಟ್ಟಿಗೆಯ ಲೆಕ್ಕ ನಿಮಗೆ ಮಾತ್ರ ಗೊತ್ತು. ಕರ್ನಾಟಕದಲ್ಲಿ ಬರೀ ಸರಕು ಮಾರುವವರಿಗೆ ನೋಂದಣಿ ಕಡ್ಡಾಯವಾಗುವ ಮಿತಿ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ. ದಿನದ ಲೆಕ್ಕಕ್ಕೆ ಇಳಿಸಿದರೆ ವರ್ಷಪೂರ್ತಿ ಬಾಗಿಲು ತೆರೆಯುವ ಅಂಗಡಿಗೆ ದಿನಕ್ಕೆ ಸುಮಾರು 10,960 ರೂಪಾಯಿ, ಸೇವೆಯವರಿಗೆ ಸುಮಾರು 5,480. ಇದು ಲಾಭವಲ್ಲ, ಮಾರಾಟ. ಸಿಗರೇಟು, ಹಾಲಿನಂಥ ಕಡಿಮೆ ಮಾರ್ಜಿನ್‌ನ ಮಾಲು ಹೆಚ್ಚು ಹೋಗುವ ಅಂಗಡಿ, ಉಳಿತಾಯ ಏನೂ ಇಲ್ಲದೆಯೇ ಈ ಗೆರೆ ದಾಟಿಬಿಡುತ್ತದೆ.

ಇಲ್ಲಿ ‘ಬರೀ ಸರಕು’ ಅನ್ನುವ ಮಾತಿನ ಮೇಲೆ ಕಣ್ಣಿಡಬೇಕು. ಹೋಟೆಲ್, ದರ್ಶಿನಿ, ಟೀ ಅಂಗಡಿಯಲ್ಲಿ ತಯಾರಿಸಿ ಬಡಿಸುವುದು ಕಾನೂನಿನ ಕಣ್ಣಿಗೆ ಸೇವೆ. ಆದ್ದರಿಂದ ಬಿಸ್ಕತ್ತು, ಚಿಪ್ಸ್ ಮಾರುವ ಕಾಂಡಿಮೆಂಟ್ಸ್‌ನವರು ಮೂಲೆಯಲ್ಲಿ ಒಂದು ಸ್ಟವ್ ಇಟ್ಟು ಟೀ ಮಾಡಿಕೊಡಲು ಶುರು ಮಾಡಿದರೆ 40 ಲಕ್ಷದ ಮಿತಿ ಕೈತಪ್ಪಿ 20 ಲಕ್ಷದ ಲೆಕ್ಕಕ್ಕೆ ಬರುತ್ತಾರೆ. ಈ ಒಂದು ವಿಷಯ ಗೊತ್ತಿಲ್ಲದೆ ಸಿಕ್ಕಿಕೊಂಡವರು ತುಂಬ ಜನ.

ಇನ್ನೊಂದು, ಮಿತಿ ಲೆಕ್ಕ ಹಾಕುವಾಗ ತೆರಿಗೆ ಇಲ್ಲದ ಮಾಲನ್ನೂ ಸೇರಿಸಬೇಕು. ಒಂದು ಅಂಗಡಿಯಲ್ಲಿ ದಿನಕ್ಕೆ 3,000 ರೂಪಾಯಿ ಹಾಲು, 10,000 ರೂಪಾಯಿ ಉಳಿದ ಮಾಲು ಹೋಗುತ್ತದೆ ಅಂದುಕೊಳ್ಳಿ. ವರ್ಷಕ್ಕೆ 47 ಲಕ್ಷದ 45 ಸಾವಿರ. ಹಾಲಿಗೆ ತೆರಿಗೆ ಇಲ್ಲದಿದ್ದರೂ ಅಂಗಡಿ ಮಿತಿ ದಾಟಿತು. ಆದರೆ ಬರೀ ತರಕಾರಿ, ಹೂವು, ಹಣ್ಣು, ಎಳನೀರು ಮಾರುವವರ ವಿಷಯ ಬೇರೆ. ಮಾರುವ ಎಲ್ಲ ಮಾಲೂ ತೆರಿಗೆ ಮುಕ್ತವಾಗಿದ್ದರೆ ಎಷ್ಟೇ ಕೋಟಿ ವಹಿವಾಟಾದರೂ ನೋಂದಣಿ ಬೇಡ. ಅಂಥವರು ನೋಟಿಸ್ ಬಂದಾಗ ಹೆದರಿ ನಂಬರ್ ತೆಗೆಸಬಾರದು. ಖರೀದಿ ಚೀಟಿಗಳನ್ನು ಇಟ್ಟು ಲಿಖಿತ ಉತ್ತರ ಕೊಡಬೇಕು.

ಹೊರರಾಜ್ಯಕ್ಕೆ ಕಳಿಸುವವರ ಕಥೆಯೂ ಹೇಳಲೇಬೇಕು. ತೆರಿಗೆ ಇರುವ ಸರಕನ್ನು ಕರ್ನಾಟಕದಿಂದ ಬೇರೆ ರಾಜ್ಯದ ಗಿರಾಕಿಗೆ ಮಾರಿದರೆ ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ಶಿರಸಿಯಿಂದ ಪುಣೆಗೆ ಅಪ್ಪೆಮಿಡಿ ಉಪ್ಪಿನಕಾಯಿ ಪಾರ್ಸೆಲ್ ಹಾಕುವವರಿಗೆ ಇದು ಅನ್ವಯ. ಅದೇ ಪೆಟ್ಟಿಗೆಯಲ್ಲಿ ಬರೀ ಹಪ್ಪಳ ಹೋದರೆ ಅನ್ವಯಿಸುವುದಿಲ್ಲ, ಹಪ್ಪಳಕ್ಕೆ ತೆರಿಗೆ ಇಲ್ಲ. ಸೇವೆ ಕೊಡುವವರಿಗೆ ಈ ಕಟ್ಟು ಇಲ್ಲ. ಮೈಸೂರಲ್ಲಿ ಕೂತು ಚೆನ್ನೈ ಕಂಪನಿಗೆ ಡಿಸೈನ್ ಮಾಡಿಕೊಡುವವರಿಗೆ 20 ಲಕ್ಷದವರೆಗೆ ವಿನಾಯ್ತಿ ಇದೆ. ಆನ್‌ಲೈನ್ ಮಾರಾಟ ತಾಣಗಳಲ್ಲಿ ರಾಜ್ಯದೊಳಗೆ ಮಾತ್ರ ಸರಕು ಮಾರುವ ಸಣ್ಣವರು 2023ರ ಅಕ್ಟೋಬರ್ 1ರಿಂದ ಪೂರ್ಣ ನೋಂದಣಿ ಇಲ್ಲದೆ, ಪ್ಯಾನ್ ಮೇಲೆ ಒಂದು ಎನ್‌ರೋಲ್‌ಮೆಂಟ್ ನಂಬರ್ ಪಡೆದು ಮಾರಬಹುದು. ಇದನ್ನು ಹೇಳದೆ ನೇರ ಜಿಎಸ್‌ಟಿಯನ್ನೇ ಮಾಡಿಸಿಬಿಡುವುದು ಸಾಮಾನ್ಯ.

29ರಿಂದ ಶುರುವಾಗುವ ನಂಬರ್

ಹದಿನೈದು ಅಕ್ಷರದ ಈ ನಂಬರನ್ನು ಬಿಡಿಸಿ ನೋಡಿದರೆ ಅದು ಯಾರದು ಎಂಬುದು ತಾನೇ ತಿಳಿಯುತ್ತದೆ. ಮೊದಲ ಎರಡು ಅಂಕಿ ರಾಜ್ಯ, ಕರ್ನಾಟಕಕ್ಕೆ 29. (ವ್ಯಾಟ್ ಕಾಲದ ಟಿನ್ ನಂಬರ್ ಕೂಡ 29ರಿಂದಲೇ ಶುರುವಾಗುತ್ತಿತ್ತು. ಹಳೇ ಅಂಗಡಿಯವರು ಇವತ್ತಿಗೂ ‘ಟಿನ್ ನಂಬರ್ ಹೇಳಿ’ ಅನ್ನುವುದುಂಟು.) ಆಮೇಲಿನ ಹತ್ತು ಅಕ್ಷರ ನಿಮ್ಮ ಪ್ಯಾನ್. ಹದಿಮೂರನೆಯದು ಅದೇ ಪ್ಯಾನ್ ಮೇಲೆ ಈ ರಾಜ್ಯದಲ್ಲಿ ಇದು ಎಷ್ಟನೇ ನೋಂದಣಿ ಎಂಬುದು, ಹದಿನಾಲ್ಕನೆಯದು ಮಾಮೂಲಾಗಿ ಝಡ್, ಕೊನೆಯದು ತಾಳೆ ನೋಡುವ ಅಕ್ಷರ. ಅಂದರೆ ಮೂರನೇ ಎರಡು ಪಾಲು ನಂಬರ್ ನಿಮ್ಮ ಪ್ಯಾನೇ. ಒಬ್ಬರೇ ನಡೆಸುವ ಅಂಗಡಿಗೆ ಬೇರೆ ಪ್ಯಾನ್ ಇರುವುದಿಲ್ಲ, ಮಾಲೀಕರ ಪ್ಯಾನೇ ಅಂಗಡಿಯ ಪ್ಯಾನ್. ಪ್ಯಾನಿನ ನಾಲ್ಕನೇ ಅಕ್ಷರ ಪಿ ಇದ್ದರೆ ವ್ಯಕ್ತಿ, ಎಫ್ ಇದ್ದರೆ ಪಾಲುದಾರಿಕೆ ಸಂಸ್ಥೆ. ಅಣ್ಣ ತಮ್ಮ ಇಬ್ಬರೂ ಸೇರಿ ಪಾಲುದಾರಿಕೆ ಪತ್ರ ಬರೆಸಿ, ಅಣ್ಣನ ಪಿ ಪ್ಯಾನಿನ ಮೇಲೆ ನೋಂದಣಿ ಮಾಡಿಸಿದರೆ, ತೆರಿಗೆಯ ಲೆಕ್ಕದಲ್ಲಿ ಅಂಗಡಿ ಅಣ್ಣ ಒಬ್ಬನದೇ. ವಸೂಲಿ ಬಂದರೆ ಅದೂ ಅವನ ಮೇಲೇ.

ಪ್ಯಾನ್, ಆಧಾರ್ ಜೆರಾಕ್ಸನ್ನೂ ಒಟಿಪಿಯನ್ನೂ ಬೇರೆಯವರ ಕೈಗೆ ಕೊಡುವ ಮುಂಚೆ ಯೋಚಿಸಬೇಕಾದ್ದು ಇದೇ ಕಾರಣಕ್ಕೆ. ಜಿಎಸ್‌ಟಿ ಪೋರ್ಟಲ್ಲಿನ ಮುಖಪುಟದಲ್ಲಿ ‘ಸರ್ಚ್ ಟ್ಯಾಕ್ಸ್‌ಪೇಯರ್’ ಅಂತ ಇದೆ, ಅದರಡಿ ಪ್ಯಾನ್ ಹಾಕಿ ಹುಡುಕಬಹುದು. ಲಾಗಿನ್ ಬೇಡ, ದುಡ್ಡು ಬೇಡ. ನಿಮ್ಮ ಪ್ಯಾನ್ ಮೇಲೆ ದೇಶದ ಯಾವ ರಾಜ್ಯದಲ್ಲಿ ನಂಬರ್ ಇದ್ದರೂ ಅಲ್ಲಿ ಕಾಣುತ್ತದೆ. ಹೊಸ ಅರ್ಜಿ ಹಾಕುವ ಮೊದಲು ಇದನ್ನೊಮ್ಮೆ ನೋಡಿ. ಗೊತ್ತೇ ಇಲ್ಲದ ಊರಿನಲ್ಲಿ ನಿಮ್ಮ ಹೆಸರಿನ ಅಂಗಡಿ ಕಂಡರೆ ಮೊದಲು ಪೋರ್ಟಲ್ಲಿನಲ್ಲಿ ದೂರು, ಪೊಲೀಸ್ ದೂರು, ಆಮೇಲೆ ಅರ್ಜಿ.

ಮೊದಲ ಪುಟ, ನಿಜವಾದ ಬಾಗಿಲು

ಅರ್ಜಿಗೆ ಸರ್ಕಾರಿ ಶುಲ್ಕ ಇಲ್ಲ. ಪೋರ್ಟಲ್ಲಿನಲ್ಲಿ ‘ನ್ಯೂ ರಿಜಿಸ್ಟ್ರೇಷನ್’ ಒತ್ತಿದರೆ ಆರ್‌ಇಜಿ-01 ಎಂಬ ನೋಂದಣಿ ಅರ್ಜಿಯ ಭಾಗ ಎ ತೆರೆಯುತ್ತದೆ. ರಾಜ್ಯ, ಜಿಲ್ಲೆ, ಪ್ಯಾನಿನಲ್ಲಿರುವಂತೆ ಹೆಸರು, ಪ್ಯಾನ್, ಇಮೇಲ್, ಮೊಬೈಲ್. ಎರಡು ಒಟಿಪಿ, ಒಂದು ಮೊಬೈಲಿಗೆ, ಇನ್ನೊಂದು ಇಮೇಲ್‌ಗೆ. ಇಷ್ಟೇ ಇರುವ ಈ ಪುಟವನ್ನು ಐದು ನಿಮಿಷದಲ್ಲಿ ತುಂಬಿಬಿಡುತ್ತಾರೆ. ಮುಂದಿನ ಹತ್ತು ವರ್ಷದ ಹಣೆಬರಹ ಕೊನೆಯ ಆ ಎರಡು ಖಾನೆಯಲ್ಲಿದೆ.

ಸೈಬರ್ ಸೆಂಟರ್‌ನಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿ. ಹುಡುಗ ಕೇಳುತ್ತಾನೆ, "ಮೇಡಂ, ಇಮೇಲ್ ಇದೆಯಾ?" "ಇಲ್ಲಪ್ಪಾ." "ಸರಿ ಬಿಡಿ, ನಮ್ದೇ ಹಾಕ್ತೀನಿ. ಮೊಬೈಲೂ ನಮ್ದೇ ಇರ್ಲಿ, ಒಟಿಪಿಗೆ ನಿಮ್ಗೆ ಪದೇಪದೇ ಫೋನ್ ಮಾಡೋದು ತಪ್ಪುತ್ತೆ." ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾನೆ, ಅವರಿಗೂ ಅನುಕೂಲ ಅನ್ನಿಸುತ್ತದೆ. ಆ ಕ್ಷಣದಲ್ಲಿ ನಂಬರಿನ ಬೀಗದ ಕೈ ಅಲ್ಲೇ ಉಳಿಯಿತು. ನೋಂದಣಿ ಮಂಜೂರಾದಾಗ ಯೂಸರ್ ಐಡಿ, ತಾತ್ಕಾಲಿಕ ಪಾಸ್‌ವರ್ಡ್ ಹೋಗುವುದು ಆ ಇಮೇಲ್‌ಗೆ. ಅಧಿಕಾರಿಯ ಪ್ರಶ್ನೆ, ನೋಟಿಸ್, ರದ್ದತಿ ಆದೇಶ ಹೋಗುವುದೂ ಅಲ್ಲಿಗೇ. ಎರಡು ವರ್ಷ ಬಿಟ್ಟು ಆ ಸೆಂಟರ್ ಮುಚ್ಚಿರಬಹುದು, ಹುಡುಗ ಬೇರೆ ಕೆಲಸಕ್ಕೆ ಹೋಗಿರಬಹುದು, ಸಿಮ್ ಬೇರೆಯವರ ಪಾಲಾಗಿರಬಹುದು. ಇಮೇಲ್ ಇಲ್ಲದಿದ್ದರೆ ಅಲ್ಲೇ ಹತ್ತು ನಿಮಿಷ ಕೂತು ಒಂದು ತೆರೆಸಿ, ಅದನ್ನು ನಿಮ್ಮ ಫೋನಿಗೇ ಹಾಕಿಸಿಕೊಳ್ಳಿ. ಅರ್ಜಿ ಯಾರು ತುಂಬಿದರೂ ಈ ಎರಡು ನಿಮ್ಮವೇ ಇರಲಿ. ಆಡಿಟರ್ ಫೋನ್ ಮಾಡಿ ಒಟಿಪಿ ಕೇಳುವುದು ಕಿರಿಕಿರಿಯಾದರೂ, ಏನೋ ಫೈಲ್ ಆಗುತ್ತಿದೆ ಅನ್ನುವುದು ನಿಮಗೆ ಆಗ ತಿಳಿಯುತ್ತದೆ.

ಒಟಿಪಿ ಆದ ಮೇಲೆ ಒಂದು ಟಿಆರ್‌ಎನ್ ಬರುತ್ತದೆ, ತಾತ್ಕಾಲಿಕ ಸಂಖ್ಯೆ. ಅದರ ಆಯಸ್ಸು 15 ದಿನ. ಅಷ್ಟರೊಳಗೆ ಭಾಗ ಬಿ ತುಂಬಿ ಸಲ್ಲಿಸದಿದ್ದರೆ ಎಲ್ಲ ಅಳಿಸಿ ಮತ್ತೆ ಮೊದಲಿಂದ. ಅದಕ್ಕೇ ಕಾಗದಗಳನ್ನು ಮೊದಲು ಜೋಡಿಸಿಕೊಂಡು ಆಮೇಲೆ ಟಿಆರ್‌ಎನ್ ಪಡೆಯುವುದು ಒಳ್ಳೆಯದು.

ಇನಿಷಿಯಲ್ಲು ಮತ್ತು ಅಜ್ಜನ ಆರ್‌ಆರ್ ನಂಬರ್

ಕರ್ನಾಟಕದ ಅರ್ಜಿಗಳು ಸಿಲುಕುವ ಜಾಗ ಎರಡು. ಮೊದಲನೆಯದು ನಮ್ಮ ಹೆಸರುಗಳು. ನಮಗೆ ಇನಿಷಿಯಲ್ ಉಂಟು, ಸರ್‌ನೇಮ್ ಇಲ್ಲ. ಪ್ಯಾನ್ ಅರ್ಜಿ ಇನಿಷಿಯಲ್ ಒಪ್ಪುವುದಿಲ್ಲ ಅಂತ ಅಲ್ಲಿ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಬಿಡಿಸಿ ಬರೆದಿರುತ್ತಾರೆ. ಆಧಾರ್‌ನಲ್ಲಿ ‘ಮಂಜುನಾಥ ಕೆ’, ಪ್ಯಾನ್‌ನಲ್ಲಿ ‘ಕೃಷ್ಣಪ್ಪ ಮಂಜುನಾಥ’, ಬ್ಯಾಂಕಿನಲ್ಲಿ ‘ಕೆ ಮಂಜುನಾಥ್’, ಇಂಗ್ಲಿಷಿನಲ್ಲಿ ಕೊನೆಗೊಂದು ಅಕ್ಷರ ಕಡಿಮೆ. ಮನುಷ್ಯರಿಗೆ ಮೂವರೂ ಒಬ್ಬರೇ, ಕಂಪ್ಯೂಟರಿಗೆ ಮೂವರು. ಭಾಗ ‘ಎ’ಯಲ್ಲಿ ಹೆಸರು ಪ್ಯಾನಿನ ಜೊತೆ ಹೊಂದಬೇಕು, ಆಮೇಲೆ ಆಧಾರ್ ದೃಢೀಕರಣ ಆಗಬೇಕು, ನಂಬರ್ ಬಂದ ಮೇಲೆ ಬ್ಯಾಂಕ್ ಖಾತೆಯೂ ಪ್ಯಾನಿನ ಜೊತೆ ಹೊಂದಬೇಕು. ಮೂರನ್ನೂ ಟೇಬಲ್ ಮೇಲೆ ಅಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ. ಹೊಂದದಿದ್ದರೆ ಅರ್ಜಿ ತಡವಾದರೂ ಸರಿ, ಮೊದಲು ಹೆಸರು ಸರಿಮಾಡಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನಕ್ಕೆ ಎರಡೇ ಅವಕಾಶ, ಅದನ್ನು ಯೋಚಿಸಿ ಬಳಸಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಹಳೇ ಸಿಮ್ ಆಗಿದ್ದರೆ ಅದನ್ನೂ ಮೊದಲೇ ಬದಲಿಸಬೇಕು. ದೃಢೀಕರಣದ ಒಟಿಪಿ ಅಲ್ಲಿಗೇ ಬರುವುದು.

ಎರಡನೆಯದು ಅಂಗಡಿಯ ವಿಳಾಸದ ಪುರಾವೆ. ಸ್ವಂತ ಜಾಗವಾದರೆ ಆಸ್ತಿ ತೆರಿಗೆ ರಸೀದಿ, ಖಾತಾ ಪ್ರತಿ, ಕರೆಂಟ್ ಬಿಲ್, ನೀರಿನ ಬಿಲ್ ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಹಳ್ಳಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಸಿದ್ಧವಿರಲಿ. ತೊಂದರೆ ಬರುವುದು ಕರೆಂಟ್ ಬಿಲ್ ಮೇಲಿನ ಹೆಸರಿನಿಂದ. ಎಷ್ಟೋ ಮನೆಗಳಲ್ಲಿ ಆರ್‌ಆರ್ ನಂಬರ್ ಇವತ್ತಿಗೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದೆ. ಆ ಬಿಲ್ ಹಾಕಿ, ‘ಸ್ವಂತ’ ಅಂತ ಟಿಕ್ ಮಾಡಿದರೆ ಅಧಿಕಾರಿ ‘ಇವರು ಯಾರು?’ ಅಂತ ಕೇಳಿಯೇ ಕೇಳುತ್ತಾರೆ. ಖಾತಾ ನಿಮ್ಮ ಹೆಸರಿಗೆ ಆಗಿದ್ದರೆ ಬಿಲ್ ಬಿಟ್ಟು ಖಾತಾ ಹಾಕಿ. ಖಾತಾ ಅಮ್ಮನ ಹೆಸರಿನಲ್ಲಿದ್ದರೆ ‘ಕನ್ಸೆಂಟ್’ ಆಯ್ಕೆ ಮಾಡಿ, ಬಿಳಿ ಹಾಳೆಯಲ್ಲಿ ಅಮ್ಮನ ಒಪ್ಪಿಗೆ ಪತ್ರ, ಅವರ ಗುರುತಿನ ಚೀಟಿ, ಅವರ ಹೆಸರಿನ ಖಾತಾ ಮೂರನ್ನೂ ಒಂದೇ ಪಿಡಿಎಫ್‌ನಲ್ಲಿ ಸೇರಿಸಿ.

ಬಾಡಿಗೆ ಜಾಗಕ್ಕೆ ಕರಾರು ಪತ್ರ, ಜೊತೆಗೆ ಮಾಲೀಕರ ಹೆಸರಿನ ಯಾವುದಾದರೂ ಒಂದು ದಾಖಲೆ. ನಮ್ಮಲ್ಲಿ ರೂಢಿ 11 ತಿಂಗಳ ಕರಾರು, ನೋಂದಣಿ ಆಗದ್ದು. ಅಂಥದ್ದಕ್ಕೆ ಮಾಲೀಕರ ಗುರುತಿನ ಚೀಟಿಯೂ ಬೇಕು. ನೋಂದಾಯಿತ ಕರಾರಾದರೆ ಬೇಡ. ಕರೆಂಟ್ ಬಿಲ್ ಬಾಡಿಗೆದಾರರ ಹೆಸರಿನಲ್ಲೇ ಇದ್ದರೆ ಕರಾರು ಮತ್ತು ಬಿಲ್ ಸಾಕು. ಕರಾರಿನ ಅವಧಿ ಮುಗಿದಿದೆಯೇ ನೋಡಿ. ಅರ್ಜಿ ತಿರುಗಿ ಬರುವ ಸುಲಭದ ಕಾರಣ ಅದು. ಡೋರ್ ನಂಬರ್ ಹಳೇದೋ ಹೊಸದೋ, ಮೇನ್ ಎಷ್ಟು, ಕ್ರಾಸ್ ಎಷ್ಟು, ಕಾಗದದಲ್ಲಿರುವಂತೆಯೇ ಅರ್ಜಿಯಲ್ಲೂ ಇರಲಿ. ಕಾಗದದಲ್ಲಿ ‘ಹಳೇ ನಂ. 14, ಹೊಸ ನಂ. 27’ ಅಂತ ಇದ್ದರೆ ಎರಡನ್ನೂ ಬರೆಯಿರಿ. ನಕ್ಷೆಯ ಮೇಲೆ ಪಿನ್ ಇಡುವಾಗ ನಿಮ್ಮ ಕಟ್ಟಡದ ಮೇಲೇ ಇಡಿ, ಸ್ಥಳ ಪರಿಶೀಲನೆಗೆ ಬರುವವರು ಅದನ್ನೇ ಹಿಡಿದು ಬರುತ್ತಾರೆ.

ಇಲ್ಲಿ ವ್ಯಾಪಾರಿಗಳ ಪರವಾಗಿರುವ ಒಂದು ದಾಖಲೆ ಇದೆ. 2025ರ ಏಪ್ರಿಲ್ 17ರಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ ಹೊರಡಿಸಿದ ಸೂಚನೆ, ಸಂಖ್ಯೆ 03/2025. ಒಂದು ದಾಖಲೆ ಸಾಕಾದ ಕಡೆ ಇನ್ನೊಂದು ಕೇಳಬಾರದು, ಮೂಲ ಪ್ರತಿ ತರಲು ಹೇಳಬಾರದು, ‘ನಿಮ್ಮ ಮನೆ ಬೇರೆ ಊರಿನಲ್ಲಿದೆಯಲ್ಲ’, ‘ಈ ಜಾಗದಲ್ಲಿ ಈ ವ್ಯಾಪಾರ ಹೇಗೆ ಮಾಡ್ತೀರಿ’ ಎಂಬಂಥ ಊಹೆಯ ಪ್ರಶ್ನೆ ಎತ್ತಬಾರದು ಎಂದು ಅದು ತನ್ನ ಅಧಿಕಾರಿಗಳಿಗೆ ಹೇಳುತ್ತದೆ. ಅರ್ಜಿ ಕೇಂದ್ರದ ಅಧಿಕಾರಿಗೆ ಹೋಗಿದ್ದರೆ ಉತ್ತರದಲ್ಲಿ ಈ ಸೂಚನೆಯ ಸಂಖ್ಯೆ ಬರೆಯಲು ಸಂಕೋಚ ಬೇಡ.

ಸುಮ್ಮನೆ ಟಿಕ್ ಮಾಡಬಾರದ ಖಾನೆಗಳು

ಭಾಗ ಬಿಯಲ್ಲಿ ಹತ್ತು ಟ್ಯಾಬ್ ಇವೆ. ಫೋಟೋ (ಜೆಪೆಗ್, 100 ಕೆಬಿ ಒಳಗೆ), ಮಾಲು ಅಥವಾ ಸೇವೆಯ ಕೋಡ್, ರಾಜ್ಯದ ಟ್ಯಾಬಿನಲ್ಲಿ ಪ್ರೊಫೆಷನಲ್ ಟ್ಯಾಕ್ಸ್ ನಂಬರ್, ಇವುಗಳಿಗೆ ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ. ಯೋಚಿಸಬೇಕಾದವು ಮೊದಲ ಟ್ಯಾಬಿನಲ್ಲೇ ಇವೆ. ‘ನೋಂದಣಿಗೆ ಕಾರಣ’ ಎಂಬಲ್ಲಿ ಮಿತಿ ದಾಟಿದ್ದಕ್ಕೋ, ಹೊರರಾಜ್ಯ ಮಾರಾಟಕ್ಕೋ, ಸ್ವಇಚ್ಛೆಯಿಂದಲೋ ಎಂದು ಆರಿಸಬೇಕು. ‘ಯಾವ ದಿನದಿಂದ ಹೊಣೆ ಶುರುವಾಯಿತು’ ಎಂಬಲ್ಲಿ ದಿನಾಂಕ ಬರೆಯಬೇಕು. ಮಿತಿ ದಾಟಿದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಿದರೆ ನೋಂದಣಿ ಆ ದಿನದಿಂದಲೇ ಜಾರಿ, ಹಿಂದಿನ ದಿನ ಅಂಗಡಿಯಲ್ಲಿದ್ದ ಸ್ಟಾಕಿನ ಮೇಲೆ ಕಟ್ಟಿದ ತೆರಿಗೆಯನ್ನು ರೆಗ್ಯುಲರ್ (ಮಾಮೂಲಿ ನೋಂದಣಿ) ಆದವರು ಐಟಿಸಿ-01 ಫಾರಂ ಹಾಕಿ ವಾಪಸ್ ಹಿಡಿಯಬಹುದು. ತಡಮಾಡಿದರೆ ನಂಬರ್ ಕೊಟ್ಟ ದಿನದಿಂದ ಮಾತ್ರ ಜಾರಿ. ನಡುವಿನ ದಿನಗಳ ತೆರಿಗೆ ಬಡ್ಡಿ ಸಮೇತ ಕೈಯಿಂದ ಹೋಗುತ್ತದೆ. ಗಿರಾಕಿಯ ಹತ್ತಿರ ಈಗ ಹೋಗಿ ಕೇಳುವುದಕ್ಕೆ ಆಗುವುದಿಲ್ಲವಲ್ಲ.

ಅದರ ಪಕ್ಕದಲ್ಲೇ ಕಾಂಪೋಸಿಷನ್, ಅಂದರೆ ಮಾರಾಟದ ಮೇಲೆ ಒಂದು ಸಣ್ಣ ದರ ಕಟ್ಟುವ ಸರಳ ಯೋಜನೆ, ಬೇಕೇ ಎಂಬ ಖಾನೆ ಇದೆ. ವರ್ಷಕ್ಕೆ 1.5 ಕೋಟಿಯವರೆಗಿನ ಅಂಗಡಿಗೆ 1%, ಹೋಟೆಲ್‌ಗೆ 5%. ಇದನ್ನು ಗಿರಾಕಿಯಿಂದ ವಸೂಲು ಮಾಡುವಂತಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ, ಖರೀದಿಯ ಮೇಲಿನ ತೆರಿಗೆ ವಾಪಸ್ ಸಿಗುವುದಿಲ್ಲ. ಬದಲಿಗೆ ಮೂರು ತಿಂಗಳಿಗೊಮ್ಮೆ ಮುಂದಿನ ತಿಂಗಳ 18ರೊಳಗೆ ತೆರಿಗೆ ಕಟ್ಟುವ ಸಿಎಂಪಿ-08, ವರ್ಷಕ್ಕೊಂದು ಜಿಎಸ್‌ಟಿಆರ್-4 ರಿಟರ್ನ್, ಅಷ್ಟೇ. ಮೇಲೆ ಹೇಳಿದ 47 ಲಕ್ಷದ ಅಂಗಡಿಯನ್ನೇ ತಗೊಳ್ಳಿ. ತಂದು ಮಾರುವವರಾದರೆ 1% ಬೀಳುವುದು ತೆರಿಗೆ ಇರುವ 36.5 ಲಕ್ಷದ ಮೇಲೆ ಮಾತ್ರ, ವರ್ಷಕ್ಕೆ 36,500. ಅದೇ ಅಂಗಡಿಯವರು ಹಿಂದೆ ಓವನ್ ಇಟ್ಟು ಬನ್ನು, ಬ್ರೆಡ್ಡು ತಾವೇ ಮಾಡುತ್ತಿದ್ದು ‘ತಯಾರಕರು’ ಅಂತ ಟಿಕ್ ಆದರೆ 1% ಬೀಳುವುದು ಹಾಲನ್ನೂ ಸೇರಿಸಿದ ಪೂರ್ತಿ ಮೊತ್ತದ ಮೇಲೆ, 47,450. ಗಿರಾಕಿಗಳೆಲ್ಲ ಬೀದಿಯ ಜನವಾಗಿದ್ದರೆ ಕಾಂಪೋಸಿಷನ್ ಒಳ್ಳೆಯದು. ಗಿರಾಕಿಗಳು ಜಿಎಸ್‌ಟಿ ಬಿಲ್ ಕೇಳುವ ಕಂಪನಿಗಳಾದರೆ ಅದು ಬೇಡ, ರೆಗ್ಯುಲರ್ ಇರಲಿ. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಸೌಲಭ್ಯ ಅಲ್ಲೂ ಇದೆ.

2025ರ ನವೆಂಬರ್ 1ರಿಂದ ಇನ್ನೊಂದು ಖಾನೆ ಬಂದಿದೆ, ನಿಯಮ 14ಎ. ನೋಂದಾಯಿತ ಗಿರಾಕಿಗಳಿಗೆ ಮಾಡುವ ಮಾರಾಟದ ಮೇಲಿನ ತೆರಿಗೆ ತಿಂಗಳಿಗೆ 2.5 ಲಕ್ಷ ದಾಟದವರು ಇದನ್ನು ಆರಿಸಿ, ಆಧಾರ್ ದೃಢೀಕರಣ ಮುಗಿಸಿದರೆ 3 ಕೆಲಸದ ದಿನಗಳಲ್ಲಿ ನಂಬರ್ ಬರುತ್ತದೆ. ಸಣ್ಣವರಲ್ಲಿ ಬಹುತೇಕರು ಈ ಮಿತಿಯೊಳಗೇ ಇರುತ್ತಾರೆ. ಇದರಿಂದ ಹೊರಬರುವುದಕ್ಕೆ ಅದರದೇ ಷರತ್ತುಗಳಿವೆ, ದೊಡ್ಡ ಆರ್ಡರ್ ಹತ್ತಿರದಲ್ಲೇ ಇದ್ದರೆ ಮಾಮೂಲಿ ದಾರಿಯೇ ವಾಸಿ.

ಸಲ್ಲಿಸಿದ ಮೇಲೆ ಆಧಾರ್ ಲಿಂಕ್ ನಿಮ್ಮ ಮೊಬೈಲಿಗೂ ಇಮೇಲ್‌ಗೂ ಬರುತ್ತದೆ. ಕೆಲವರನ್ನು ಬಯೋಮೆಟ್ರಿಕ್‌ಗೆ ಜಿಎಸ್‌ಟಿ ಸುವಿಧಾ ಕೇಂದ್ರಕ್ಕೆ ಕರೆಯುತ್ತಾರೆ. ಅದು ಮುಗಿಯುವ ತನಕ ಎಆರ್‌ಎನ್ (ಅರ್ಜಿ ಸ್ವೀಕೃತಿ ಸಂಖ್ಯೆ) ಹುಟ್ಟುವುದಿಲ್ಲ, ಅಂದರೆ ಅರ್ಜಿ ಇನ್ನೂ ಇಲಾಖೆಯ ಲೆಕ್ಕಕ್ಕೇ ಬಂದಿರುವುದಿಲ್ಲ. ಎಆರ್‌ಎನ್ ಬಂದ ಮೇಲೆ ಮಾಮೂಲಿ ಅರ್ಜಿಗೆ 7 ಕೆಲಸದ ದಿನ, ಸ್ಥಳ ಪರಿಶೀಲನೆ ಬೇಕಾದರೆ 30 ದಿನ. ನಡುವೆ ಆರ್‌ಇಜಿ-03 ಎಂಬ ಪ್ರಶ್ನೆಪತ್ರ ಬಂದರೆ ಉತ್ತರಿಸಲು 7 ಕೆಲಸದ ದಿನ ಮಾತ್ರ. ಇಮೇಲ್ ಬೇರೆಯವರದಾದರೆ ಆ ಏಳು ದಿನ ಅಲ್ಲೇ ಕಳೆದುಹೋಗುತ್ತವೆ.

ಲ್ಯಾಮಿನೇಟ್ ಮಾಡಿದ ಹಾಳೆ

ಒಂದು ತೆರಿಗೆ ಕಚೇರಿಯ ಕಾರಿಡಾರು. ವೆಲ್ಡಿಂಗ್ ಶಾಪಿನ ಐವತ್ತು ದಾಟಿದ ಮಾಲೀಕರು ಪ್ಲಾಸ್ಟಿಕ್ ಕವರಿನಿಂದ ಪ್ರಮಾಣಪತ್ರ ತೆಗೆದು ಎರಡೂ ಕೈಯಲ್ಲಿ ಕೊಡುತ್ತಾರೆ. ಅಂಚಿನಲ್ಲಿ ಕುಂಕುಮದ ಬೊಟ್ಟು. ಗೇಟಿನ ಆರ್ಡರ್ ಕೊಟ್ಟ ಬಿಲ್ಡರ್ ‘ನಿಮ್ಮ ನಂಬರ್ ಆಕ್ಟಿವ್ ಇಲ್ಲ’ ಅಂತ ಬಿಲ್ ವಾಪಸ್ ಕಳಿಸಿದ್ದಾನೆ. ಸಿಬ್ಬಂದಿ ನಂಬರ್ ಒತ್ತಿ ನೋಡಿ ಹೇಳುತ್ತಾರೆ, "ಯಜಮಾನ್ರೇ, ಇದು ಕ್ಯಾನ್ಸಲ್ ಆಗಿದೆ. ಎರಡು ತಿಂಗಳಾಯ್ತು. ಮೇಲ್ ಹೋಗಿದೆ ನೋಡಿ." "ನನಗೆ ಮೇಲ್ ಇಲ್ವಲ್ಲ ಸರ್." "ನೋಂದಣೀಲಿ ಇದೆಯಲ್ಲ." ಪರದೆಯ ಮೇಲೆ ಇರುವುದು ನಂಬರ್ ಮಾಡಿಸಿಕೊಟ್ಟವರ ಇಮೇಲ್. ಅವರು ಈಗ ಫೋನ್ ಎತ್ತುವುದಿಲ್ಲ.

ಆಗಿದ್ದೇನೆಂದರೆ, ನಂಬರ್ ಬಂದ 30 ದಿನದೊಳಗೆ ಅಥವಾ ಮೊದಲ ಜಿಎಸ್‌ಟಿಆರ್-1ಕ್ಕೆ (ಮಾರಾಟದ ವಿವರದ ರಿಟರ್ನ್) ಮುಂಚೆ, ಯಾವುದು ಮೊದಲೋ ಅಷ್ಟರಲ್ಲಿ ಬ್ಯಾಂಕ್ ಖಾತೆ ಸೇರಿಸಬೇಕು. ಸೇರಿಸದೆ ನಂಬರ್ ಸಸ್ಪೆಂಡ್ ಆಯಿತು. ಖಾತೆ ಸೇರಿಸಿದ್ದರೆ ಅಲ್ಲಿಗೇ ಸರಿಹೋಗುತ್ತಿತ್ತು. ಆಮೇಲೆ ‘ಕೆಲಸವೇ ಇರಲಿಲ್ಲ, ಏನು ರಿಟರ್ನ್ ಹಾಕೋದು’ ಎಂದು ಸುಮ್ಮನಿದ್ದರು. ಮಾರಾಟ ಸೊನ್ನೆಯಾದರೂ ರಿಟರ್ನ್ ಸೊನ್ನೆಯಾಗುವುದಿಲ್ಲ. ರೆಗ್ಯುಲರ್ ನೋಂದಣಿಯವರು ಸತತ ಆರು ತಿಂಗಳು ಹಾಕದಿದ್ದರೆ ರದ್ದು ಮಾಡುವ ಅಧಿಕಾರ ಇಲಾಖೆಗಿದೆ. ಬರೀ ಸೊನ್ನೆಯ 3ಬಿ (ತೆರಿಗೆ ಲೆಕ್ಕದ ರಿಟರ್ನ್) ಹಾಕಲು ಕಂಪ್ಯೂಟರೂ ಬೇಡ. ‘ನಿಲ್’, ‘3ಬಿ’, ಜಿಎಸ್‌ಟಿ ನಂಬರ್, ತಿಂಗಳು ವರ್ಷದ ಆರು ಅಂಕಿ, ಇಷ್ಟನ್ನು ಇಂಗ್ಲಿಷ್ ಅಕ್ಷರದಲ್ಲಿ ನಡುವೆ ಜಾಗ ಬಿಟ್ಟು ಟೈಪಿಸಿ 14409ಕ್ಕೆ ಎಸ್‌ಎಂಎಸ್ ಕಳಿಸಿ, ಬಂದ ಕೋಡನ್ನು ತಿರುಗಿ ಕಳಿಸಿದರೆ ಆಯಿತು. ಆದರೆ ಅದು ನಡೆಯುವುದು ನೋಂದಣಿಯಲ್ಲಿರುವ ಮೊಬೈಲಿನಿಂದ ಮಾತ್ರ.

ದಾರಿ ಇತ್ತು. ಮೊದಲು ಬೀಗದ ಕೈ. ನೋಂದಣಿಯ ಇಮೇಲ್, ಮೊಬೈಲ್ ಎರಡೂ ಕೈತಪ್ಪಿದ್ದರೆ ನಿಮ್ಮ ವ್ಯಾಪ್ತಿಯ ಅಧಿಕಾರಿಗೆ ಪ್ಯಾನ್, ಆಧಾರ್, ಅಂಗಡಿಯ ದಾಖಲೆ, ಒಂದು ಅರ್ಜಿ ಕೊಡಬೇಕು. ಅವರು ದಾಖಲೆ ನೋಡಿ ತಮ್ಮ ಲಾಗಿನ್‌ನಿಂದ ಹೊಸ ಇಮೇಲ್, ಮೊಬೈಲ್ ಸೇರಿಸುತ್ತಾರೆ. ಯೂಸರ್ ಐಡಿ, ತಾತ್ಕಾಲಿಕ ಪಾಸ್‌ವರ್ಡ್ ಹೊಸ ಇಮೇಲ್‌ಗೆ ಬರುತ್ತದೆ. ಪೋರ್ಟಲ್ಲಿನಲ್ಲಿ ‘ಫಸ್ಟ್ ಟೈಮ್ ಲಾಗಿನ್’ ಒತ್ತಿ ನಿಮ್ಮದೇ ಹೆಸರು, ಪಾಸ್‌ವರ್ಡ್ ಇಡಬೇಕು. ಹಳೇ ಮೊಬೈಲ್ ಇನ್ನೂ ನಡೆಯುತ್ತಿದ್ದು ಲಾಗಿನ್ ಆಗುವಂತಿದ್ದರೆ ಕಚೇರಿಗೂ ಹೋಗಬೇಕಿಲ್ಲ, ‘ನಾನ್-ಕೋರ್’ ತಿದ್ದುಪಡಿಯಲ್ಲಿ ನೀವೇ ಬದಲಿಸಬಹುದು.

ಆಮೇಲೆ ರದ್ದತಿ. ಆದೇಶ ಕೈಸೇರಿದ 90 ದಿನದೊಳಗೆ ಆರ್‌ಇಜಿ-21 ಹಾಕಿ ನಂಬರನ್ನು ಮತ್ತೆ ಜೀವಂತ ಮಾಡಿಸಬಹುದು. ಕಾರಣ ಸರಿ ಇದ್ದರೆ ಮೇಲಧಿಕಾರಿ ಇನ್ನು 180 ದಿನದವರೆಗೆ ಅವಕಾಶ ಕೊಡಬಹುದು. ಅದಕ್ಕೆ ಮುಂಚೆ ಬಾಕಿ ರಿಟರ್ನ್ ಎಲ್ಲ ಹಾಕಿ ದಂಡಶುಲ್ಕ ಕಟ್ಟಬೇಕು. ಸೊನ್ನೆ 3ಬಿಗೆ ದಿನಕ್ಕೆ 20 ರೂಪಾಯಿ, ಒಂದು ರಿಟರ್ನಿಗೆ ಹೆಚ್ಚೆಂದರೆ 500. ಮಾರಾಟ ಇದ್ದ ತಿಂಗಳಿಗೆ ದಿನಕ್ಕೆ 50, 1.5 ಕೋಟಿ ಒಳಗಿನವರಿಗೆ ಹೆಚ್ಚೆಂದರೆ 2,000. ‘ಹಳೇದು ಬಿಟ್ಟಾಕಿ, ಹೊಸ ನಂಬರ್ ಮಾಡಿಸೋಣ’ ಅನ್ನುವ ಸಲಹೆ ಇಂಥ ಹೊತ್ತಿನಲ್ಲಿ ಯಾರಾದರೂ ಕೊಟ್ಟೇ ಕೊಡುತ್ತಾರೆ. ಹೊಸ ಅರ್ಜಿಯಲ್ಲೂ ಪ್ಯಾನ್ ಅದೇ. ಹಳೇ ಬಾಕಿ ಅಧಿಕಾರಿಗೆ ಮೊದಲ ಸಾಲಿನಲ್ಲೇ ಕಾಣುತ್ತದೆ, ಅರ್ಜಿ ತಿರಸ್ಕೃತವಾಗಬಹುದು.

ವೆಲ್ಡಿಂಗ್ ಶಾಪಿನವರಿಗೆ 90ರಲ್ಲಿ ಇನ್ನೂ ಕೆಲವು ದಿನ ಉಳಿದಿದ್ದವು. ಜೊತೆಗೆ ಬಂದಿದ್ದ ಮಗ ಬೆಂಚಿನ ಮೇಲೆ ಕೂತು ಅಪ್ಪನ ಫೋನಿನಲ್ಲಿ ಇಮೇಲ್ ತೆರೆದ. ಕಾಗದ ಕೊಟ್ಟು, ಹೊಸ ಪಾಸ್‌ವರ್ಡ್ ಬಂದು, ಒಳಗೆ ಹೋದ ಮೇಲೆ ಅವನು ನೋಡಿದ್ದು ನೋಟಿಸ್ ಪುಟ. ಅಲ್ಲಿ ಒಂದೇ ಇತ್ತು. ಈ ಪೋರ್ಟಲ್ಲಿನಲ್ಲಿ ನೋಟಿಸ್‌ಗಳಿಗೆ ಎರಡು ಜಾಗ, ‘ವ್ಯೂ ನೋಟಿಸಸ್ ಅಂಡ್ ಆರ್ಡರ್ಸ್’ ಒಂದು, ಅದೇ ಪಟ್ಟಿಯ ಕೆಳಗೆ ‘ವ್ಯೂ ಅಡಿಷನಲ್ ನೋಟಿಸಸ್’ ಇನ್ನೊಂದು. ಉಳಿದ ಮೂರು ಎರಡನೆಯದರಲ್ಲಿದ್ದವು. ಮಗ ಒಂದೊಂದನ್ನೇ ಕನ್ನಡದಲ್ಲಿ ಓದಿ ಹೇಳುತ್ತಾ ಹೋದ, ಅಪ್ಪ ಆ ಲ್ಯಾಮಿನೇಟ್ ಹಾಳೆಯ ಕವರಿನ ಮೇಲೆ ಪೆನ್ನಿನಿಂದ ತಾರೀಖುಗಳನ್ನು ಬರೆದುಕೊಂಡರು.